ಮೀಟರಿನ ಮೈಲಿ ನಂಬಿ ಎಂಜಿನ್ ಕಳೆದುಕೊಂಡೆ: ಹಳೆಯ ಪೋರ್ಶೆ 944 ಮೇಲೆ ಕಣ್ಣಿಟ್ಟವರು ಓದಿ

ನನ್ನ 1986ರ ಪೋರ್ಶೆ 944 ಸತ್ತಿದ್ದು ಹಳೆಯ ಟೈಮಿಂಗ್ ಬೆಲ್ಟಿನಿಂದಲ್ಲ. ಬೆಲ್ಟು ಹೊಸದು, ಕೈಯಾರೆ ನಾನೇ ಕೂರಿಸಿದ್ದು. ಹಾಕಿ ಏಳುನೂರು ಮೈಲಿಯೂ ಆಗಿರಲಿಲ್ಲ. ಈ ಕತೆಯನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದೆ. ಹೋದ ವಾರ ಇಲ್ಲೇ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಪರಿಚಯದವರೊಬ್ಬರು ಫೋನ್ ಮಾಡಿ, ‘ಐದು ಸಾವಿರ ಡಾಲರಿಗೆ ಒಂದು 944 ಇದೆ ಸಾರ್, ಬರೀ ಒಂದು ಲಕ್ಷ ಮೈಲಿ ಓಡಿದೆ, ಮನೇಲೇ ರಿಪೇರಿ ಮಾಡ್ಕೊಳ್ಳೋಣ ಅಂತ, ತಗೊಂಡ್ಬಿಡ್ಲಾ?’ ಅಂತ ಕೇಳಿದರು. ಆ ‘ಬರೀ’ ಕೇಳಿ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

944 ಪೋರ್ಶೆಗಳಲ್ಲಿ ಬಡವರ ಪೋರ್ಶೆ. 1982ರಿಂದ 1991ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಬಹುಪಾಲು ಜೋಡಿಸಿದ್ದು ಜರ್ಮನಿಯ ನೆಕರ್‌ಸುಲ್ಮ್‌ನ ಆಡಿ ಕಾರ್ಖಾನೆಯಲ್ಲಿ. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ, ಹಾಗಾಗಿ ಭಾರ ಎರಡೂ ಕಡೆ ಸಮನಾಗಿ ಹಂಚಿಹೋಗಿ ತಿರುವಿನಲ್ಲಿ ಬೆಣ್ಣೆಯ ಹಾಗೆ ಹೋಗುತ್ತದೆ. ಕಾರು ಅಗ್ಗಕ್ಕೆ ಸಿಕ್ಕರೂ ಬಿಡಿಭಾಗಗಳ ಬೆಲೆ ಮಾತ್ರ ಪೋರ್ಶೆಯದೇ.

ಅದರ 2.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ವಾಲ್ವು ಇಳಿದು ಬರುವ ಜಾಗಕ್ಕೇ ಪಿಸ್ಟನ್ನೂ ಏರಿ ಬರುತ್ತದೆ. ಒಂದಕ್ಕೊಂದು ಗುದ್ದದ ಹಾಗೆ ಸರದಿ ಕಾಯಿಸುವುದು ಹಲ್ಲುಗಳಿರುವ ಒಂದು ರಬ್ಬರ್ ಬೆಲ್ಟು. ಅದು ಹರಿದರೂ ಸರಿ, ನಾಲ್ಕು ಹಲ್ಲು ಜಾರಿದರೂ ಸರಿ, ವಾಲ್ವು ಬಾಗಿತು ಅಂತಲೇ ಲೆಕ್ಕ. ಎಂಜಿನ್ ತಂಪಾಗಿಡುವ ನೀರನ್ನು ಓಡಿಸುವ ವಾಟರ್ ಪಂಪನ್ನೂ ಅದೇ ಬೆಲ್ಟಿನ ಬೆನ್ನು ತಿರುಗಿಸುತ್ತದೆ. ನಾನು ಹಾಳಾಗಿದ್ದು ಅಲ್ಲೇ.

ಕಾರು ಸಿಕ್ಕಿದ್ದು ಸ್ಯಾಕ್ರಮೆಂಟೊ ಕಡೆ, 2022ರ ಅಕ್ಟೋಬರಿನಲ್ಲಿ, 4,800 ಡಾಲರಿಗೆ. ಕೆಂಪು ಬಣ್ಣ. ಮೀಟರಿನಲ್ಲಿ 1,12,400 ಮೈಲಿ. ಮಾರುವವರು ಬೆರಳು ದಪ್ಪದ ಒಂದು ಫೈಲನ್ನೂ ಕೈಗಿಟ್ಟರು. ಅದರಲ್ಲಿ 2009ರ ಒಂದು ರಸೀದಿ: 1,07,000 ಮೈಲಿಗೆ ಟೈಮಿಂಗ್ ಬೆಲ್ಟು, ರೋಲರುಗಳು, ವಾಟರ್ ಪಂಪು, ಎಲ್ಲವೂ ಹೊಸದು. ‘ಆಮೇಲೆ ಕಾರು ಹೆಚ್ಚಾಗಿ ಗ್ಯಾರೇಜಿನಲ್ಲೇ ನಿಂತಿತ್ತಂತೆ’ ಅಂದರು. ‘ಅಂತೆ’ ಯಾಕೆ ಅಂದರೆ ಅವರೂ ಕೊಂಡು ಎರಡೇ ವರ್ಷವಾಗಿತ್ತು. ನಾನು ಮನಸ್ಸಿನಲ್ಲೇ ಕಳೆದು ನೋಡಿದೆ. ಹದಿಮೂರು ವರ್ಷದಲ್ಲಿ 5,400 ಮೈಲಿ. ಇಂಥ ಕಾರು ಇನ್ನೊಂದು ಸಿಗುತ್ತಾ ಅಂದುಕೊಂಡೆ.

ಸ್ಮಾಗ್ ಪರೀಕ್ಷೆಯ, ಅಂದರೆ ಕಾರಿನ ಹೊಗೆಯ ಪರೀಕ್ಷೆಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ಆಮೇಲಿನ ಪೆಟ್ರೋಲ್ ಕಾರು ಮಾರುವಾಗ 90 ದಿನದೊಳಗಿನ ಸ್ಮಾಗ್ ಸರ್ಟಿಫಿಕೇಟು ಕೊಡಬೇಕಾದ್ದು ಮಾರುವವರ ಹೊಣೆ. ‘ಐನೂರು ಕಡಿಮೆ ಕೊಡು, ಸ್ಮಾಗ್ ನೀನೇ ಮಾಡಿಸ್ಕೋ’ ಅಂದರು, ನಾನು ಹಲ್ಲು ಕಿರಿದು ಒಪ್ಪಿದೆ. ಕಾರು ಫೇಲಾಯಿತು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಬೇಕಾಯಿತು. ಅದೂ ಈ ರಾಜ್ಯದ ಅನುಮೋದನೆ ಇರುವುದನ್ನೇ ಹಾಕಬೇಕು, ಬೇರೆ ರಾಜ್ಯದ ಅಗ್ಗದ ಮಾಲು ನಡೆಯುವುದಿಲ್ಲ. ಉಳಿಸಿದ ಐನೂರರ ಜೊತೆ ಇನ್ನೂ ಏಳುನೂರು ಹೋಯಿತು. ಸರ್ಟಿಫಿಕೇಟು ಕೈಗೆ ಬರದೆ ದುಡ್ಡು ಕೊಡಬೇಡಿ.

ಇಷ್ಟರ ನಡುವೆಯೂ ನಾನು ಭಾರೀ ಹುಷಾರಿನವನು ಅನ್ನುವ ಭ್ರಮೆ ನನಗಿತ್ತು. ಹಳೆಯ ಬೆಲ್ಟಿನಲ್ಲಿ ಓಡಿಸಬಾರದೆಂದು ಫ್ಲಾಟ್‌ಬೆಡ್ ಲಾರಿಯಲ್ಲಿ ಮನೆಗೆ ತರಿಸಿದ್ದೆ. ಸ್ಮಾಗಿಗೆ ಹೋಗುವ ಮೊದಲೇ ಬೆಲ್ಟು ಬದಲಿಸಿದೆ. ಮೂರು ಶನಿವಾರ ಹಿಡಿಯಿತು. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ಬೋಲ್ಟು 210 ನ್ಯೂಟನ್ ಮೀಟರಿನ ಬಿಗಿಯದು, ಎಂಜಿನ್ ತಿರುಗದಂತೆ ಹಿಡಿಯುವ ಫ್ಲೈವೀಲ್ ಲಾಕ್ ಹಾಕದೆ ಅಲ್ಲಾಡುವುದಿಲ್ಲ. ಬೆಲ್ಟಿನ ಬಿಗಿತ ಅಳೆಯಲು ಪಿ 9201 ಅನ್ನುವ ವಿಶೇಷ ಉಪಕರಣ ಬೇಕು, ಒಬ್ಬ ಪುಣ್ಯಾತ್ಮರಿಂದ ಸಾಲ ತಂದೆ. 1987ರ ಕಾರುಗಳಿಂದ ಬೆಲ್ಟು ಬಿಗಿಯಲು ಸ್ಪ್ರಿಂಗ್ ಇರುವ ಟೆನ್ಷನರ್ ಬಂತು, ನನ್ನದರಲ್ಲಿ ಅದೂ ಇಲ್ಲ, ಎಲ್ಲ ಕೈ ಅಂದಾಜಿನ ಮೇಲೆ ತಿರುಗಿಸಿ ಅಳೆದು ನೋಡಬೇಕು. ಕೂರಿಸಿದ ಮೇಲೆ ಎಂಜಿನ್ನನ್ನು ಪಾನಾ ಹಾಕಿ ಕೈಯಿಂದಲೇ ಎರಡು ಸುತ್ತು ಸುತ್ತಿಸಿ ಗುರುತುಗಳನ್ನು ನೋಡಿದೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆ ರಾತ್ರಿ ನಿದ್ದೆ ಚೆನ್ನಾಗಿ ಬಂತು.

ಪಂಪು ಮಾತ್ರ ಬದಲಿಸಲಿಲ್ಲ. ನನ್ನ ತರ್ಕ ಹೀಗಿತ್ತು: ರಬ್ಬರಿಗೆ ವಯಸ್ಸಾಗುತ್ತದೆ, ಹದಿಮೂರು ವರ್ಷವಾಗಿದೆ, ಬದಲಿಸೋಣ. ಬೇರಿಂಗಿಗೆ ಸವೆತ ಬರುವುದು ಓಡಿದಾಗ, 5,400 ಮೈಲಿಯಲ್ಲಿ ಏನು ಸವೆಯುತ್ತದೆ? ಕೈಯಲ್ಲಿ ತಿರುಗಿಸಿದೆ, ನುಣ್ಣಗೆ ತಿರುಗಿತು. ಹೊಸ ಪಂಪಿಗೆ ಮುನ್ನೂರು ಡಾಲರ್, ಬಿಚ್ಚಿ ಹಾಕಲು ಇನ್ನೊಂದು ಶನಿವಾರ. ಬಿಟ್ಟೆ.

ಅಪ್ಪ ಕೆಎಸ್‌ಆರ್‌ಟಿಸಿಯ ಹಾಸನ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ವಿಡಿಯೋ ಕಾಲಿನಲ್ಲಿ ಎಂಜಿನ್ ತೋರಿಸಿದೆ.

‘ಪಂಪು ಹೊಸದು ಹಾಕ್ದೇನೋ?’

‘ಇಲ್ಲಪ್ಪ, ಅದು ಓಡಿರೋದೇ ಐದೂವರೆ ಸಾವಿರ ಮೈಲಿ.’

‘ಯಾರು ಹೇಳಿದ್ದು?’

‘ಮೀಟರು.’

ಅಪ್ಪ ಸುಮ್ಮನಾದರು. ಒಪ್ಪಿದರು ಅಂದುಕೊಂಡೆ.

ಪಂಪಿಗೆ ಬರುವ ಮುಂಚೆ ಇನ್ನೊಂದು ದಿನದ ಮಾತು ಹೇಳಲೇಬೇಕು. ಇದರಲ್ಲಿ ದುಡ್ಡು ಹೋಗಲಿಲ್ಲ, ಹೋಗಬಹುದಾಗಿದ್ದು ಬೇರೆಯದು. ಎಂಜಿನ್ ಮೇಲಿನ ಪೆಟ್ರೋಲ್ ಹೋಸುಗಳು ಬಿರುಕು ಬಿಟ್ಟು ಬೆಂಕಿ ಹತ್ತುವುದು 944ರ ಕುಖ್ಯಾತ ರೋಗ. ಅವನ್ನು ಬದಲಿಸುವುದು ಸರಿಯೇ. ನಾನು ಬದಲಿಸಿದ ರೀತಿ ಮಾತ್ರ ಹುಚ್ಚರದ್ದು. ಎಂಜಿನ್ ಆಫ್ ಮಾಡಿದರೂ ಆ ಪೈಪಿನೊಳಗೆ ಒತ್ತಡ ಉಳಿದಿರುತ್ತದೆ ಅನ್ನುವುದನ್ನು ಮರೆತು ನಟ್ಟು ಸಡಿಲಿಸಿದೆ. ಪೆಟ್ರೋಲು ಪಿಚಕಾರಿಯ ಹಾಗೆ ಮುಖಕ್ಕೆ, ಗೋಡೆಗೆ, ನೆಲಕ್ಕೆ ಚಿಮ್ಮಿತು. ಗ್ಯಾರೇಜಿನ ಬಾಗಿಲು ಮುಚ್ಚಿತ್ತು. ಅದೇ ಗ್ಯಾರೇಜಿನ ಮೂಲೆಯಲ್ಲಿ, ಇಲ್ಲಿನ ಎಷ್ಟೋ ಮನೆಗಳ ಹಾಗೆ, ಗ್ಯಾಸಿನ ವಾಟರ್ ಹೀಟರ್.

ಆ ಹೀಟರನ್ನು ಕಟ್ಟೆಯ ಮೇಲೆ ಯಾಕೆ ಕೂರಿಸಿರುತ್ತಾರೆ ಅಂತ ನಾನು ಯೋಚಿಸಿರಲೇ ಇಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲಕ್ಕೆ ಅಂಟಿಕೊಂಡು ಹರಡುತ್ತದೆ. ಅದಕ್ಕೇ ಬೆಂಕಿಯ ಜಾಗ ನೆಲದಿಂದ 18 ಇಂಚು ಮೇಲಿರಬೇಕು ಅಂತ ಕಟ್ಟಡದ ನಿಯಮ. ನಾನು ಚಿಮ್ಮಿಸಿದ್ದು ಎದೆಯ ಎತ್ತರದಿಂದ. ಒಳಗಿನ ಬಾಗಿಲು ತೆರೆದು ಹೆಂಡತಿ, ‘ರೀ, ಮನೆಯೆಲ್ಲ ಪೆಟ್ರೋಲ್ ವಾಸನೆ, ಏನ್ಮಾಡ್ತಿದೀರಿ? ಪುಟ್ಟಿಗೆ ನೀರು ಹಾಕೋಣ ಅಂತ ಹೋಗ್ತಿದ್ದೆ’ ಅಂದಳು. ಬಿಸಿನೀರಿನ ನಲ್ಲಿ ತಿರುಗಿಸಿದ್ದರೆ ಹೀಟರಿನ ಬರ್ನರ್ ಹೊತ್ತಿಕೊಳ್ಳುತ್ತಿತ್ತು. ನಲ್ಲಿ ಮುಟ್ಟಬೇಡ, ಮಗು ಎತ್ಕೊಂಡು ಮುಂದಿನ ಬಾಗಿಲಿಂದ ಆಚೆ ಹೋಗು ಅಂತ ಕೂಗಿದೆ. ಗ್ಯಾರೇಜ್ ಬಾಗಿಲಿನ ಮೋಟರ್ ಸ್ವಿಚ್ಚಿಗೆ ಕೈ ಹೋಗಿತ್ತು, ಅದರ ಕಿಡಿಯೂ ಸಾಕು ಅಂತ ಹೊಳೆದು, ಮೋಟರಿನಿಂದ ಬಾಗಿಲನ್ನು ಬಿಡಿಸುವ ಕೆಂಪು ಹಗ್ಗ ಎಳೆದು ಬಾಗಿಲನ್ನು ಕೈಯಲ್ಲೇ ಎತ್ತಿದೆ. ಆಮೇಲೆ ಎಷ್ಟೋ ಹೊತ್ತು ರಸ್ತೆಯ ಅಂಚಿನಲ್ಲಿ ಕೂತಿದ್ದೆವು. ಪುಟ್ಟಿಗೆ ಅದೊಂದು ಪಿಕ್‌ನಿಕ್.

ಪೆಟ್ರೋಲಿನ ಕೆಲಸ ಇದ್ದರೆ ಕಾರನ್ನು ತಳ್ಳಿಕೊಂಡು ಬಯಲಿಗೆ ತನ್ನಿ. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿ. ಬ್ಯಾಟರಿಯ ನೆಗೆಟಿವ್ ಕಳಚಿ. ಹಾಗೆ ಮಾಡಿದರೂ ಹೋಸಿನ ಸುತ್ತ ಬಟ್ಟೆ ಸುತ್ತಿಯೇ ನಟ್ಟು ಬಿಚ್ಚಿ. ಇಷ್ಟಕ್ಕೂ ಸಮಯವಿಲ್ಲದ ದಿನ ಆ ಕೆಲಸಕ್ಕೆ ಕೈ ಹಾಕಬೇಡಿ.

2023ರ ಮೇ ತಿಂಗಳು. ಕಾರಿನ ಮುಂಭಾಗದ ಕೆಳಗೆ ದಿನಾ ಬೆಳಿಗ್ಗೆ ನಾಲ್ಕೈದು ಹನಿ ಕೂಲೆಂಟ್. ಹೋಸಿನ ಕ್ಲಾಂಪ್ ಸಡಿಲವಾಗಿರಬೇಕೆಂದು ಬಿಗಿ ಮಾಡಿದೆ. ವಾಟರ್ ಪಂಪಿನ ಮೈಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲು ಹೋದಾಗ ನೀರು ಅಲ್ಲಿಂದ ಸೋರಲಿ, ಓನರಿಗೆ ಗೊತ್ತಾಗಲಿ ಅಂತಲೇ ಮಾಡಿದ್ದು. ಸೀಲು ಹೋದ ಮೇಲೆ ಬೇರಿಂಗಿನ ಗ್ರೀಸು ತೊಳೆದುಹೋಗುವುದಕ್ಕೆ ಹೆಚ್ಚು ದಿನ ಬೇಡ. ಪಂಪು ಕರೆದು ಹೇಳುತ್ತಿತ್ತು, ನಾನು ಕ್ಲಾಂಪ್ ಬಿಗಿಯುತ್ತಿದ್ದೆ.

ಭಾನುವಾರ ಬೆಳಿಗ್ಗೆ ನೈಲ್ಸ್ ಕ್ಯಾನ್ಯನ್ ರಸ್ತೆಯಲ್ಲಿ ಸುನೋಲ್ ಕಡೆ ಹೋಗುತ್ತಿದ್ದೆ. ಒಂದು ಕಡೆಗೆ ಬೆಟ್ಟ, ಇನ್ನೊಂದು ಕಡೆಗೆ ಹಳ್ಳ, ಆ ಕಾರಿಗೆಂದೇ ಮಾಡಿದಂಥ ತಿರುವುಗಳು. ಮುಂದಿನಿಂದ ಕೀರಲು ಸದ್ದೊಂದು ಎದ್ದಿತು, ಹಿಂದೆಯೇ ಸುಟ್ಟ ರಬ್ಬರಿನ ವಾಸನೆ, ಎಂಜಿನ್ ನಿಂತುಹೋಯಿತು. ಪಕ್ಕಕ್ಕೆ ಹಾಕಿ ಕೀ ತಿರುಗಿಸಿದೆ. ಸ್ಟಾರ್ಟರ್ ಎಂದಿಗಿಂತ ಹಗುರವಾಗಿ, ಜೋರಾಗಿ, ಗಿರಗಿರ ಅಂತ ಸುತ್ತಿತು. ಎಂಜಿನ್ನಿನೊಳಗೆ ಒತ್ತಡವೇ ಇಲ್ಲ ಅನ್ನುವುದರ ಸದ್ದು ಅದು. ಗೊತ್ತಿದ್ದೂ ನಂಬಲು ಮನಸ್ಸಾಗದೆ ಇನ್ನೂ ನಾಲ್ಕು ಸಲ ತಿರುಗಿಸಿದೆ. ಬೆಲ್ಟು ಹೋದ ಮೇಲೆ ವಾಲ್ವುಗಳನ್ನು ಒತ್ತುವ ಕ್ಯಾಮ್ ದಂಡ ನಿಂತಿರುತ್ತದೆ, ಪಿಸ್ಟನ್ ಮಾತ್ರ ಏರಿ ಇಳಿಯುತ್ತದೆ. ಮೊದಲ ಏಟಿನಲ್ಲಿ ಉಳಿದಿದ್ದ ವಾಲ್ವುಗಳನ್ನೂ ನಾನೇ ಸ್ಟಾರ್ಟರ್ ಒತ್ತಿ ಒತ್ತಿ ಬಾಗಿಸಿರಬೇಕು. ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಬಿಚ್ಚಿದಾಗ ಎಂಟರಲ್ಲಿ ಆರು ಬಾಗಿದ್ದವು. ಪಂಪಿನ ಪುಲ್ಲಿ ಕಲ್ಲಿನ ಹಾಗೆ ಹಿಡಿದುಕೊಂಡಿತ್ತು. ಅದರ ಮೇಲೆ ಉಜ್ಜಿ ಉಜ್ಜಿ ಬೆಲ್ಟಿನ ಬೆನ್ನು ಕರಗಿ, ಹಲ್ಲುಗಳು ಜೋಳದ ತೆನೆ ಬಿಡಿಸಿದ ಹಾಗೆ ಉದುರಿದ್ದವು.

ಐದೂವರೆ ಸಾವಿರ ಮೈಲಿಗೆ ಪಂಪು ಹೀಗಾಗುವುದುಂಟೇ? ಆ ರಾತ್ರಿ ಫೈಲನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಮೊದಲ ಸಲ ಒಂದೊಂದೇ ಹಾಳೆ ಓದಿದೆ. ಕೊಳ್ಳುವಾಗ ಅದರ ದಪ್ಪ ನೋಡಿ ಅಲ್ಲೊಂದು ಇಲ್ಲೊಂದು ಹಾಳೆ ತಿರುವಿದ್ದೆನೇ ಹೊರತು ಪೂರ್ತಿ ಓದಿರಲಿಲ್ಲ. 2013ರ ಸ್ಮಾಗ್ ಪರೀಕ್ಷೆಯ ವರದಿ ಸಿಕ್ಕಿತು. ಆ ವರದಿಯಲ್ಲಿ ಮೀಟರಿನ ಅಂಕಿಯನ್ನೂ ಅಚ್ಚು ಹಾಕಿರುತ್ತಾರೆ: 1,11,862. ಹತ್ತು ಹಾಳೆ ಆಚೆ 2017ರ ವರದಿ: 1,11,862. ನಾಲ್ಕು ವರ್ಷ, ಒಂದು ಮೈಲಿಯ ವ್ಯತ್ಯಾಸವಿಲ್ಲ. ಗ್ಯಾರೇಜಿನಲ್ಲೇ ನಿಂತಿದ್ದರೂ ಸ್ಮಾಗ್ ಸ್ಟೇಷನ್ನಿಗೆ ಹೋಗಿ ಬರಲಿಲ್ಲವೇ? ಮೀಟರ್ ಕೆಟ್ಟು ನಿಂತಿತ್ತು. ಈ ಕಾರುಗಳ ಮೀಟರಿನೊಳಗೆ ಒಂದು ಪುಟ್ಟ ಪ್ಲಾಸ್ಟಿಕ್ ಗೇರಿದೆ, ವಯಸ್ಸಾದರೆ ಪುಡಿಯಾಗುತ್ತದೆ. ಸ್ಪೀಡಿನ ಮುಳ್ಳು ಆಡುತ್ತಲೇ ಇರುತ್ತದೆ, ಮೈಲಿ ಮಾತ್ರ ಏರುವುದಿಲ್ಲ.

ಫೈಲಿನ ಕೊನೆಗೆ 2021ರ ಒಂದು ಚೀಟಿ: ಮೀಟರ್ ಗೇರು, ಒಂದು. ಕೊಳ್ಳುವ ದಿನ ಇದನ್ನು ನೋಡಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ‘ಪರವಾಗಿಲ್ಲ, ಇಷ್ಟು ಸಣ್ಣದನ್ನೂ ರಿಪೇರಿ ಮಾಡಿಸಿದ್ದಾರೆ’ ಅಂತ ಮೆಚ್ಚಿಕೊಂಡಿದ್ದೆ.

ಟಾರ್ಚ್ ಹಿಡಿದು ಗ್ಯಾರೇಜಿಗೆ ಹೋದೆ. ಟೈರಿನ ಬದಿಯಲ್ಲಿ ಡಾಟ್ (DOT) ಅನ್ನುವ ಅಕ್ಷರಗಳಾದ ಮೇಲೆ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. ಹಿಂದಿನ ಎರಡರಲ್ಲೂ 2316, ಅಂದರೆ 2016ರ 23ನೇ ವಾರ. ಬೆರಳಾಡಿಸಿದರೆ ಬೋಳು. ಮೀಟರಿನ ಲೆಕ್ಕದಂತೆ ಆ ಟೈರು ಬಂದ ಮೇಲೆ ಕಾರು ನನ್ನದೂ ಸೇರಿ ಒಂದೂಕಾಲು ಸಾವಿರ ಮೈಲಿ ಓಡಿರಬೇಕು. ಅಷ್ಟಕ್ಕೆ ಟೈರು ಬೋಳಾಗುತ್ತದೆಯೇ? ಆ ಪಂಪು ನಲವತ್ತು ಸಾವಿರ ಮಾಡಿತ್ತೋ ಎಂಬತ್ತು ಸಾವಿರವೋ, ಇನ್ನು ಯಾರಿಗೂ ತಿಳಿಯುವುದಿಲ್ಲ. ಮಾರಿದವರು ಮೋಸ ಮಾಡಿದರು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅಷ್ಟು ಹಳೆಯ ಕಾರಿಗೆ ಮೈಲಿ ಬರೆದುಕೊಡಬೇಕೆಂಬ ಕಾನೂನೂ ಅನ್ವಯಿಸುವುದಿಲ್ಲ. ಅವರಿಗೆ ಗೊತ್ತಿದ್ದಿದ್ದರೆ ಆ ಚೀಟಿಯನ್ನು ಫೈಲಿನಲ್ಲಿ ಉಳಿಸುತ್ತಿದ್ದರೇ ಅಂತ ಒಮ್ಮೆ ಅನ್ನಿಸುತ್ತದೆ, ಒಮ್ಮೆ ಅನ್ನಿಸುವುದಿಲ್ಲ.

ಆದ್ದರಿಂದ, ಕಾರು ನೋಡಲು ಹೋದಾಗ ಮೀಟರನ್ನು ಕೊನೆಗೆ ನೋಡಿ. ಮೊದಲು ಟೈರಿನ ತಾರೀಖು, ಕ್ಲಚ್ ಪೆಡಲಿನ ರಬ್ಬರು, ಡ್ರೈವರ್ ಸೀಟಿನ ಅಂಚು. ಸ್ಮಾಗ್ ವರದಿಗಳಿದ್ದರೆ ವರ್ಷದ ಪ್ರಕಾರ ಜೋಡಿಸಿ ಅಂಕಿಗಳನ್ನು ಹೋಲಿಸಿ. ನಂಬರ್ ಪ್ಲೇಟ್ ಹಾಕಿದರೆ ಕಾರಿಗೆ ಯಾವ ಯಾವ ವರ್ಷ ಪರೀಕ್ಷೆ ಆಗಿದೆ ಅನ್ನುವುದನ್ನು ರಾಜ್ಯದ ಆಟೋಮೋಟಿವ್ ರಿಪೇರ್ ಬ್ಯೂರೋ ಪುಕ್ಕಟೆ ತೋರಿಸುತ್ತದೆ. ಗ್ಯಾರೇಜಿನಲ್ಲೇ ನಿಂತಿದ್ದ ಕಾರನ್ನು ಎರಡು ವರ್ಷಕ್ಕೊಮ್ಮೆ ತಪ್ಪದೆ ಯಾಕೆ ಪರೀಕ್ಷೆಗೆ ಒಯ್ದರು ಅಂತ ಕೇಳಿ. 944ರ ಬೆಲ್ಟು ಬಿಚ್ಚಿದಿರೋ, ಫೈಲು ಏನೇ ಹೇಳಲಿ, ಪಂಪನ್ನೂ ಕಿತ್ತು ಹೊಸದು ಹಾಕಿ.

ಮಷೀನ್ ಶಾಪಿನವರು ಹೆಡ್ ಸರಿಮಾಡಲು 2,600 ಡಾಲರ್ ಅಂದರು. ಎರಡು ಪಿಸ್ಟನ್ನುಗಳ ತಲೆಯ ಮೇಲೂ ಗುರುತು ಬಿದ್ದಿತ್ತು. ಈ ಬ್ಲಾಕಿನಲ್ಲಿ ಕಬ್ಬಿಣದ ಲೈನರ್ ಇಲ್ಲ, ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಗೋಡೆಯೇ ಸಿಲಿಂಡರು. ಅದಕ್ಕೆ ಕೈ ಹಾಕುವವರು ಊರಿಗೊಬ್ಬರೂ ಸಿಗುವುದಿಲ್ಲ. ಹೆಡ್ಡನ್ನು ಡಿಕ್ಕಿಯಲ್ಲಿಟ್ಟು 1,500ಕ್ಕೆ ಕೊಟ್ಟುಬಿಟ್ಟೆ. ಅಪ್ಪನಿಗೆ ಹೇಳಿದಾಗ ಪಂಪಿನ ಸುದ್ದಿ ಎತ್ತಲಿಲ್ಲ. ‘ಬಸ್ಸಾಗಿದ್ರೆ ಟೈರು ನೋಡ್ತಿದ್ವಿ’ ಅಂದರು ಅಷ್ಟೆ.

ಸ್ಯಾನ್ ಹೋಸೆಯವರಿಗೆ ಟೈರಿನ ಆ ನಾಲ್ಕು ಅಂಕಿಗಳ ಫೋಟೋ ಕಳಿಸಿ ಅಂತ ಅವತ್ತೇ ಹೇಳಿದೆ. ಸಂಜೆ ಫೋಟೋ ಬಂತು. ಕಾರಿನ ಮುಂಭಾಗದ್ದು, ಹೆಡ್‌ಲೈಟ್ ಎತ್ತಿಕೊಂಡು ನಿಂತಿದೆ, ಹಿಂದೆ ಸೂರ್ಯ ಮುಳುಗುತ್ತಿದ್ದಾನೆ. ಮತ್ತೆ ಕೇಳಿದ್ದೇನೆ. ಟೈರಿನದು ಇನ್ನೂ ಬಂದಿಲ್ಲ.