ಆಧಾರ್ ಜೆರಾಕ್ಸ್, ಮಾಸ್ಕ್, ವಿಐಡಿ, ಕ್ಯೂಆರ್: ಕೌಂಟರಿನಲ್ಲಿ ನಡೆಯೋದು ಯಾವುದು?

ಲಾಡ್ಜು, ಬಾಡಿಗೆ ಮನೆ ಓನರ್, ಸಿಮ್ ಅಂಗಡಿ, ಸೊಸೈಟಿ, ಎಲ್ಲ ಕಡೆಯೂ ಕೇಳುವುದು ಒಂದೇ ಮಾತು: "ಒಂದು ಆಧಾರ್ ಜೆರಾಕ್ಸ್ ಕೊಡಿ." ಜೆರಾಕ್ಸ್ ಬಿಟ್ಟು ಬೇರೆ ದಾರಿಗಳೂ ಇವೆ, ಅವನ್ನು ಆಧಾರ್ ಪ್ರಾಧಿಕಾರವೇ ಮಾಡಿಕೊಟ್ಟಿದೆ. ಕೆಲವು ವರ್ಷಗಳಿಂದ ಒಂದೊಂದನ್ನೂ ಒಂದೊಂದು ಕಡೆ ಕೊಟ್ಟು ನೋಡುತ್ತಾ ಬಂದಿದ್ದೇನೆ. ಯಾವುದು ಹೆಚ್ಚು ಗುಟ್ಟು ಕಾಯುತ್ತದೆ ಎಂಬುದಕ್ಕಿಂತ ನನಗೆ ಮುಖ್ಯವಾದ ಪ್ರಶ್ನೆ ಇನ್ನೊಂದು. ನನ್ನ ಗುರುತನ್ನು ಯಾರು, ಯಾವಾಗ ಬಳಸಿದರು ಎಂದು ಆಮೇಲೆ ನನಗೆ ಗೊತ್ತಾಗುವ ಹಾದಿ ಇದೆಯೇ?

ಪೂರ್ತಿ ಜೆರಾಕ್ಸ್

ಎಲ್ಲ ಕಡೆ ನಡೆಯುತ್ತದೆ. ಅದರ ಗುಣ ಅದೊಂದೇ. 12 ಅಂಕಿ, ಹುಟ್ಟಿದ ದಿನ, ವಿಳಾಸ, ಫೋಟೊ, ಎಲ್ಲವೂ ಒಂದೇ ಹಾಳೆಯಲ್ಲಿ ಹೋಗುತ್ತವೆ. ಹೋದ ಮೇಲೆ ಆ ಹಾಳೆಯ ಕಥೆ ಏನಾಯಿತೆಂದು ಹೇಳುವವರಿಲ್ಲ.

ಕೊಟ್ಟ ಜಾಗಕ್ಕಿಂತ ಪ್ರಿಂಟ್ ತೆಗೆಸುವ ಜಾಗವೇ ನನಗೆ ಹೆಚ್ಚು ದಿಗಿಲು. "ಈ ನಂಬರಿಗೆ ವಾಟ್ಸಾಪ್ ಮಾಡಿ ಸಾರ್" ಅನ್ನುತ್ತಾರೆ. ಮಾಡಿದ ಕೂಡಲೇ ಫೈಲು ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿಗೆ ಬೀಳುತ್ತದೆ. ಪ್ರಿಂಟ್ ಕೊಡಲು ಆ ಹುಡುಗ ಫೋಲ್ಡರ್ ತೆರೆದಾಗ ಸ್ಕ್ರೀನ್ ತುಂಬ ಬೇರೆಯವರ ಆಧಾರ್, ಪಾನ್, ಮಾರ್ಕ್ಸ್ ಕಾರ್ಡು, ಯಾರದೋ ಮದುವೆ ಸರ್ಟಿಫಿಕೇಟು. ನಾವು ಆಮೇಲೆ "ಡಿಲೀಟ್ ಫಾರ್ ಎವೆರಿವನ್" ಒತ್ತಿದರೆ ಚಾಟಿನಿಂದ ಹೋಗುತ್ತದೆ, ಆ ಫೋಲ್ಡರಿನಿಂದಲ್ಲ. ಇನ್ನು ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂದರೆ, ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಅಂಗಡಿಯಲ್ಲಿ ಕ್ಯೂ ನಿಂತವರೆಲ್ಲರ ಮುಂದೆ ಅದನ್ನು ಜೋರಾಗಿ ಹೇಳಬೇಕು!

ಬರೀ ನಂಬರಿನಿಂದ ಯಾರೂ ದುಡ್ಡು ತೆಗೆಯಲಾರರು ಎನ್ನುವುದು ನಿಜ. ಆದರೆ ಅದಕ್ಕೆ ಬೆರಳಚ್ಚು ಕೂಡಿಕೊಂಡರೆ ಕಥೆಯೇ ಬೇರೆ. 2023ರಲ್ಲಿ ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ವಂಚಕರು ಆಸ್ತಿ ನೋಂದಣಿ ಪತ್ರಗಳ ಪ್ರತಿಗಳಿಂದ ಹೆಬ್ಬೆಟ್ಟಿನ ಗುರುತು ನಕಲು ಮಾಡಿ ಎಇಪಿಎಸ್ (ಆಧಾರ್ ಮತ್ತು ಬೆರಳಚ್ಚಿನಿಂದ ಬ್ಯಾಂಕ್ ಖಾತೆಯ ಹಣ ತೆಗೆಯುವ ವ್ಯವಸ್ಥೆ) ಮೂಲಕ ಖಾತೆ ಖಾಲಿ ಮಾಡಿದ್ದರು. ಅದಕ್ಕೆ ಒಟಿಪಿಯೂ ಬೇಡ, ಪಿನ್ನೂ ಬೇಡ. ಬ್ಯಾಂಕಿನ ಹೆಸರು, ಆಧಾರ್ ನಂಬರು, ಬೆರಳು ಇಷ್ಟಿದ್ದರೆ ಸಾಕು.

ಮಾಸ್ಕ್ ಮಾಡಿದ ಆಧಾರ್

ಪ್ರಾಧಿಕಾರದ ಮೈಆಧಾರ್ ತಾಣದಲ್ಲಿ ಡೌನ್‌ಲೋಡ್ ಮಾಡುವಾಗ ಒಂದು ಟಿಕ್ ಹಾಕಿದರೆ ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕು ಮಾತ್ರ ಕಾಣುವ ಪ್ರತಿ ಬರುತ್ತದೆ. ಇದಕ್ಕೊಂದು ತಮಾಷೆಯ ಚರಿತ್ರೆ ಇದೆ. 2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, "ಜೆರಾಕ್ಸ್ ಎಲ್ಲೆಂದರಲ್ಲಿ ಕೊಡಬೇಡಿ, ಮಾಸ್ಕ್ ಮಾಡಿದ್ದು ಕೊಡಿ" ಎನ್ನುವ ಅರ್ಥದ ಪ್ರಕಟಣೆ ಹೊರಡಿಸಿತು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡು, ಜನ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದು, ಎಂದಿನ ಎಚ್ಚರ ಇದ್ದರೆ ಸಾಕು ಎಂದಿತು. ನನ್ನ ಪ್ರಕಾರ ಮೊದಲು ಹೇಳಿದ್ದೇ ಸರಿಯಾದ ಮಾತು.

ಲಾಡ್ಜೊಂದರಲ್ಲಿ ಇದನ್ನು ಕೊಟ್ಟೆ. ರಿಸೆಪ್ಷನ್ ಹುಡುಗ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾರ್, ಇದ್ರಲ್ಲಿ ನಂಬರೇ ಇಲ್ವಲ್ಲ. ಫುಲ್ ನಂಬರ್ ಇರೋದು ಕೊಡಿ" ಅಂದ. ಅವನದೂ ತಪ್ಪಿಲ್ಲ. ಅವನ ಸಾಫ್ಟ್‌ವೇರಿನ ಡಬ್ಬಿ 12 ಅಂಕಿ ತುಂಬದೆ ಮುಂದಕ್ಕೆ ಹೋಗುವುದಿಲ್ಲ. ಕೊನೆಗೆ ಡ್ರೈವಿಂಗ್ ಲೈಸೆನ್ಸ್ ತೋರಿಸಿದೆ, ಎರಡು ನಿಮಿಷಕ್ಕೆ ಕೀ ಕೈಗೆ ಬಂತು. ಅಂದಿನಿಂದ ಲಾಡ್ಜುಗಳಲ್ಲಿ ಆಧಾರ್ ಹೊರಗೇ ತೆಗೆಯುವುದಿಲ್ಲ.

ಮನೆ ಓನರ್ ಹತ್ತಿರ ಮಾತ್ರ ಮಾಸ್ಕ್ ಪ್ರತಿ ಸಲೀಸಾಗಿ ನಡೆಯಿತು. ಅದರ ಮೇಲೆ ಅಡ್ಡಲಾಗಿ "ಬಾಡಿಗೆ ಕರಾರಿಗೆ ಮಾತ್ರ" ಎಂದು ಬರೆದು ತಾರೀಖು, ಸಹಿ ಹಾಕಿಯೇ ಕೊಟ್ಟಿದ್ದೆ. ಬರೆಯುವಾಗ ಒಂದು ಸೂಕ್ಷ್ಮ ಇದೆ: ಖಾಲಿ ಜಾಗದಲ್ಲಿ ಬರೆದರೆ ಕತ್ತರಿಸಿ ಹಾಕಬಹುದು. ಅಕ್ಷರಗಳು ಫೋಟೊದ ಅಂಚು ಮತ್ತು ವಿಳಾಸದ ಸಾಲುಗಳ ಮೇಲೆ ಹಾಯಬೇಕು, ಆದರೂ ಓದಲು ಬರಬೇಕು.

ವಿಐಡಿ

ಕಾಗದದ ಮೇಲೆ ಇದೇ ರಾಜ. ವಿಐಡಿ ಅಂದರೆ ವರ್ಚುವಲ್ ಐಡಿ, ಆಧಾರ್ ನಂಬರಿನ ಬದಲು ಕೊಡಬಹುದಾದ 16 ಅಂಕಿಯ ನಂಬರ್. ಇದರಿಂದ ಹಿಂದಕ್ಕೆ ಹೋಗಿ ಮೂಲ ನಂಬರ್ ಕಂಡುಹಿಡಿಯಲು ಆಗುವುದಿಲ್ಲ. ಬೇಡವೆನಿಸಿದರೆ ಹೊಸದು ಮಾಡಿಕೊಂಡರಾಯಿತು, ಹಳೆಯದು ಸತ್ತುಹೋಗುತ್ತದೆ.

ಇದು ಸುಮ್ಮನೆ ಬಂದದ್ದಲ್ಲ. ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಹೂಡಿದ ಕೇಸಿನಲ್ಲೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು. ಮರುವರ್ಷ ಜನವರಿಯಲ್ಲಿ ವಿಐಡಿ ಘೋಷಣೆಯಾಯಿತು. ಇಷ್ಟೆಲ್ಲ ಆಗಿ ಬಂದ ನಂಬರನ್ನು ಸಿಮ್ ಅಂಗಡಿಯಲ್ಲಿ ಹೇಳಿದರೆ, "ಸಾರ್ ಇದು ಎಟಿಎಂ ಕಾರ್ಡ್ ನಂಬರ್ ಇರ್ಬೇಕು, ಆಧಾರ್ ಹೇಳಿ" ಅಂದರು. ದೇವರು ಕೊಟ್ಟರೂ ಪೂಜಾರಿ ಕೊಡ. ಆನ್‌ಲೈನ್ ಫಾರಂಗಳಲ್ಲಿ "ಆಧಾರ್ ಅಥವಾ ವಿಐಡಿ" ಎಂದಿರುವ ಕಡೆ ಮಾತ್ರ ತಕರಾರಿಲ್ಲದೆ ನಡೆದಿದೆ. ಮನುಷ್ಯರು ಕೂತಿರುವ ಕೌಂಟರಿನಲ್ಲಿ ನನಗೆ ಒಮ್ಮೆಯೂ ಕೆಲಸ ಆಗಿಲ್ಲ.

ಕ್ಯೂಆರ್ ಮತ್ತು ಹೊಸ ಆಪ್

ಆಧಾರ್ ಮೇಲಿನ ಕ್ಯೂಆರ್‌ಗೆ ಪ್ರಾಧಿಕಾರದ ಡಿಜಿಟಲ್ ಸಹಿ ಇರುತ್ತದೆ. ಪ್ರಾಧಿಕಾರದ ಸ್ಕ್ಯಾನರ್ ಆಪಿನಲ್ಲಿ ಹಿಡಿದರೆ ಹೆಸರು, ವಿಳಾಸ, ಫೋಟೊ, ಕೊನೆಯ ನಾಲ್ಕು ಅಂಕಿ ಬರುತ್ತವೆ. ಫೋಟೊಶಾಪ್ ಮಾಡಿದ ಕಾರ್ಡು ಅಲ್ಲೇ ಸಿಕ್ಕಿಬೀಳುತ್ತದೆ. ಅಂದರೆ ಓನರ್‌ಗೂ ಇದರಿಂದಲೇ ಲಾಭ: ಜೆರಾಕ್ಸ್ ಇಟ್ಟುಕೊಂಡರೆ ಅಸಲಿಯೋ ನಕಲಿಯೋ ಗೊತ್ತಾಗುವುದಿಲ್ಲ, ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ. 2025ರ ಕೊನೆಗೆ ಬಂದ ಹೊಸ ಆಧಾರ್ ಆಪಿನಲ್ಲಿ ಏನೇನು ತೋರಿಸಬೇಕೆಂದು ನಾವೇ ಆರಿಸಿಕೊಳ್ಳಬಹುದು. ಚೆನ್ನಾಗಿದೆ. ಆದರೆ ಎದುರಿನವರು ಸ್ಕ್ಯಾನ್ ಮಾಡಲು ಸಿದ್ಧರಿದ್ದರೆ ತಾನೆ? ನಮ್ಮ ಓನರ್ ಕುತೂಹಲದಿಂದ ಸ್ಕ್ಯಾನ್ ಮಾಡಿ, "ಭೇಷ್" ಅಂದು, ಆಮೇಲೆ ಫೈಲಿಗೆ ಹಾಳೆಯನ್ನೂ ಕೇಳಿ ತೆಗೆದುಕೊಂಡರು.

ಲೆಕ್ಕ ಯಾರದು?

ಮೊದಲು ಕೇಳಿದ ಪ್ರಶ್ನೆಗೆ ಸ್ವಲ್ಪವಾದರೂ ಉತ್ತರ ಸಿಗುವುದು ಬೆರಳು ಅಥವಾ ಒಟಿಪಿ ಕೊಟ್ಟು ಮಾಡುವ ದೃಢೀಕರಣದಲ್ಲಿ ಮಾತ್ರ. ಮೈಆಧಾರ್‌ನಲ್ಲಿ ಅಥೆಂಟಿಕೇಶನ್ ಹಿಸ್ಟರಿ ತೆರೆದರೆ ಕಳೆದ ಆರು ತಿಂಗಳಲ್ಲಿ ಯಾವ ಸಂಸ್ಥೆ, ಯಾವ ದಿನ, ಎಷ್ಟು ಗಂಟೆಗೆ, ಬೆರಳೋ ಒಟಿಪಿಯೋ, ಎಲ್ಲ ಸಾಲಾಗಿ ಕಾಣುತ್ತದೆ. ಬೆರಳಚ್ಚನ್ನು ಯಾರೂ ಬಳಸದಂತೆ ಮುಚ್ಚಿಡುವ ಬಯೊಮೆಟ್ರಿಕ್ ಲಾಕ್ ಕೂಡ ಅಲ್ಲೇ ಇದೆ. ಬೇಕಾದಾಗ ತಾತ್ಕಾಲಿಕವಾಗಿ ತೆಗೆದರೆ ಹತ್ತು ನಿಮಿಷ ತೆರೆದಿದ್ದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಸಿಮ್ ಅಂಗಡಿಯಲ್ಲಿ ನೆಟ್‌ವರ್ಕ್ ಎಳೆದಾಡುವಾಗ ಆ ಹತ್ತು ನಿಮಿಷ ಸಾಲದೆ ಮತ್ತೆ ತೆಗೆಯಬೇಕಾಯಿತು, ಅಷ್ಟೇ ತೊಂದರೆ.

ಹಾಳೆಗೆ ಇಂಥ ಯಾವ ದಾಖಲೆಯೂ ಇಲ್ಲ. ಆಧಾರ್ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಆಫ್‌ಲೈನ್‌ನಲ್ಲಿ (ಬೆರಳು, ಒಟಿಪಿ ಇಲ್ಲದೆ) ಪರಿಶೀಲಿಸುವವರು ಆಧಾರ್ ನಂಬರನ್ನು ಸಂಗ್ರಹಿಸುವಂತಿಲ್ಲ, ಬೇರೆ ಗುರುತಿನ ಚೀಟಿಯೂ ಆಗುತ್ತದೆ ಎಂದು ನಮಗೆ ತಿಳಿಸಬೇಕು. ನನಗೆ ಇದುವರೆಗೆ ಯಾರೂ ತಿಳಿಸಿಲ್ಲ. ಇನ್ನೊಂದು ಕಡೆ, 2023ರ ದತ್ತಾಂಶ ರಕ್ಷಣೆ ಕಾಯ್ದೆಯ ಮೂಲಕ ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ) ಅನ್ನು ತಿದ್ದಿ, "ವೈಯಕ್ತಿಕ ಮಾಹಿತಿ" ಎಂಬ ಕಾರಣಕ್ಕೆ ಸರ್ಕಾರಿ ಕಚೇರಿಗಳು ನಮ್ಮ ಅರ್ಜಿ ತಿರಸ್ಕರಿಸುವುದನ್ನು ಸುಲಭ ಮಾಡಿದ್ದಾರೆ. 2025ರ ನವೆಂಬರಿನಲ್ಲಿ ಆ ತಿದ್ದುಪಡಿ ಜಾರಿಗೂ ಬಂತು. ಅದೇ ಕಾಯ್ದೆಯಲ್ಲಿ ನಮ್ಮ ಮಾಹಿತಿ ಇಟ್ಟುಕೊಂಡವರ ಮೇಲಿನ ಮುಖ್ಯ ಹೊಣೆಗಳಿಗೆ ಮಾತ್ರ ಅಲ್ಲಿಂದ ಮುಂದೆ ಹದಿನೆಂಟು ತಿಂಗಳ ಕಾಲಾವಕಾಶ! ಕಚೇರಿಯ ಗುಟ್ಟಿಗೆ ಇರುವ ಅವಸರ ನಮ್ಮ ಗುಟ್ಟಿಗಿಲ್ಲ.

ಈಗ ನಾನು ಮಾಡುವುದು

ಲಾಡ್ಜಿಗೆ ಡಿಎಲ್. ಮನೆ, ಸೊಸೈಟಿ, ಕೊರಿಯರ್‌ನವರಿಗೆ ಅಡ್ಡ ಬರೆದ ಮಾಸ್ಕ್ ಪ್ರತಿ. ಪ್ರಿಂಟ್ ಮಾತ್ರ ಗೆಳೆಯನ ಮನೆಯಲ್ಲಿ, ಒಂದು ಕಂತೆಯನ್ನೇ ತೆಗೆದಿಟ್ಟುಕೊಳ್ಳುತ್ತೇನೆ. ಸಿಮ್ಮಿಗೆ ಲಾಕ್ ತೆಗೆದು ಬೆರಳು, ಮನೆಗೆ ಬಂದು ಹಿಸ್ಟರಿ. ವಿಐಡಿ ಆನ್‌ಲೈನಿಗೆ ಮಾತ್ರ.

ಆದರೆ ಇದು ಸ್ಮಾರ್ಟ್‌ಫೋನ್ ಕೈಯಲ್ಲಿರುವವರ ಲೆಕ್ಕ. ಊರಲ್ಲಿರುವ ನಮ್ಮ ಅತ್ತೆ ಹೆಬ್ಬೆಟ್ಟು ಒತ್ತಿಯೇ ಪಿಂಚಣಿ ತೆಗೆಯುವವರು. ಅವರ ಆಧಾರ್‌ಗೆ ಜೋಡಿಸಿದ ಮೊಬೈಲ್ ಇರುವುದು ಬೆಂಗಳೂರಿನ ಮಗನ ಜೇಬಿನಲ್ಲಿ. ಲಾಕ್ ಹಾಕಿದರೆ ಪ್ರತಿ ಸಲವೂ ಅವನು ಫೋನಿಗೆ ಸಿಗಬೇಕು. ಹಾಗಾಗಿ ಅವರಿಗೆ ಲಾಕ್ ಹಾಕಿಲ್ಲ. ಆ ಖಾತೆಯಲ್ಲಿ ತಿಂಗಳ ಖರ್ಚಿಗಾಗುವಷ್ಟು ಬಿಟ್ಟು ಉಳಿದದ್ದನ್ನು ಎಫ್‌ಡಿ ಮಾಡಿಸಿದ್ದೇವೆ, ಬೆರಳೊತ್ತಿ ಅದನ್ನು ತೆಗೆಯಲು ಬರುವುದಿಲ್ಲ.