ಬಳ್ಳಾರಿ ಧೂಳಿಗೆ ಕಪ್ಪು ಕಾರು: ನಾಲ್ಕು ವರ್ಷ, ಮೂರು ಥರ ವ್ಯಾಕ್ಸ್

2021ರಲ್ಲಿ ಕಪ್ಪು ಕಾರು ಬುಕ್ ಮಾಡಿ ಮನೆಗೆ ಬಂದಾಗ ನಮ್ಮಪ್ಪ ಕೇಳಿದ್ದು ಒಂದೇ ಮಾತು. "ಬಳ್ಳಾರ್ಯಾಗ ಇದ್ಕಂಡು ಕರೇ ಗಾಡಿ ತಗಂತಾರೇನಪ್ಪಾ?"

ಅಪ್ಪನ ಮಾತು ಎಷ್ಟು ಖರೆ ಅಂತ ಒಂದೇ ವಾರದಲ್ಲಿ ಗೊತ್ತಾಯಿತು. ನನ್ನ ಕೆಲಸ ತೋರಣಗಲ್ಲಿನಲ್ಲಿ. ವಾರಕ್ಕೆ ಆರು ದಿನ ಕುಡತಿನಿ ದಾಟಿ ಹೋಗಬೇಕು, ಅದಿರು ಲಾರಿಗಳ ಹಿಂದೆ ಹಿಂದೆ. ಬೆಳಿಗ್ಗೆ ಕಪ್ಪಗೆ ಹೊರಟ ಕಾರು ಸಂಜೆ ಬೆಲ್ಲದ ಬಣ್ಣದಲ್ಲಿ ವಾಪಸ್ ಬರುತ್ತದೆ. ಬಿಳಿ ಕಾರಿನವರಿಗೂ ಇದೇ ಧೂಳು, ಆದರೆ ಅವರಿಗೆ ಧೂಳು ಮಾತ್ರ ಕಾಣುತ್ತದೆ. ಕಪ್ಪು ಕಾರಿನಲ್ಲಿ ಧೂಳು ಒರೆಸಿದ ಮೇಲೆ ಉಳಿಯೋ ಗೆರೆಯೂ ಕಾಣುತ್ತದೆ.

ಆ ಗೆರೆಗಳನ್ನು ನಾನು ಮೊದಲು ನೋಡಿದ್ದು ಒಂದು ರಾತ್ರಿ ಪೆಟ್ರೋಲ್ ಬಂಕಿನಲ್ಲಿ. ಮೇಲೆ ದೊಡ್ಡ ಎಲ್‌ಇಡಿ ಲೈಟು, ಕೆಳಗೆ ನನ್ನ ಬಾನೆಟ್. ಲೈಟಿನ ಸುತ್ತ ಜೇಡರ ಬಲೆ ಹೆಣೆದ ಹಾಗೆ ಸಾವಿರ ಗೆರೆ. ಆರು ತಿಂಗಳ ಹೊಸ ಗಾಡಿ! ತಪ್ಪು ನನ್ನದೇ. ದಿನಾ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಧೂಳು ಹೊಡೆಯುತ್ತಿದ್ದೆ. ಕಬ್ಬಿಣದ ಅದಿರಿನ ಪುಡಿ ಅಂದರೆ ಕಲ್ಲಿನ ಪುಡಿಯೇ ಅಲ್ವಾ? ಒಣ ಬಟ್ಟೆಯಲ್ಲಿ ಅದನ್ನು ಉಜ್ಜಿದರೆ ಕಾರಿಗೆ ಉಪ್ಪುಕಾಗದ ತಿಕ್ಕಿದ ಹಾಗೆ.

ಅಲ್ಲಿಂದ ಶುರುವಾಯಿತು ನನ್ನ ವ್ಯಾಕ್ಸ್ ಹುಚ್ಚು. ವ್ಯಾಕ್ಸ್ ಅಂದರೆ ಕಾರಿನ ಬಣ್ಣದ ಮೇಲೆ ತೆಳ್ಳಗೆ ಹಚ್ಚೋ ಮೇಣ. ಬ್ರ್ಯಾಂಡ್ ಹೆಸರು ಬರೆಯುವುದಿಲ್ಲ. ಒಂದೇ ಕಂಪನಿ ನಾಲ್ಕು ಥರದ್ದು ಮಾರುತ್ತದೆ. ಮುಂದೆ ದೊಡ್ಡದಾಗಿ ಬರೆದ ಹೆಸರಿಗಿಂತ ಹಿಂದೆ ಸಣ್ಣಕ್ಷರದಲ್ಲಿ ಇರೋದನ್ನು ಓದಿ ತಗೊಳ್ಳಿ.

ಮೊದಲು ತಂದಿದ್ದು ಕಪ್ಪು ಕಾರಿಗೆ ಅಂತಲೇ ಮಾಡಿದ ಕಪ್ಪು ಬಣ್ಣದ ವ್ಯಾಕ್ಸ್. ಹಚ್ಚಿದ ದಿನ ಗೆರೆಗಳೆಲ್ಲ ಮಾಯ. ನಾನು ಬೀದಿಯವರನ್ನೆಲ್ಲ ಕರೆದು ತೋರಿಸಿದ್ದೇ ತೋರಿಸಿದ್ದು. ಮೂರು ಸಲ ತೊಳೆದ ಮೇಲೆ ಜೇಡರ ಬಲೆ ಮತ್ತೆ ಹಾಜರ್. ವ್ಯಾಕ್ಸ್ ಗೆರೆಯನ್ನು ಅಳಿಸುವುದಿಲ್ಲ, ತುಂಬಿ ಮುಚ್ಚುತ್ತದೆ ಅಷ್ಟೇ. ಅಳಿಸಬೇಕು ಅಂದರೆ ಪಾಲಿಶ್ ಮಾಡಿಸಬೇಕು. ಪಾಲಿಶ್ ಅಂದರೆ ಬಣ್ಣದ ಮೇಲಿರುವ ಕ್ಲಿಯರ್ ಕೋಟನ್ನು ಸ್ವಲ್ಪ ಸವೆಸುವುದು. ಆ ಪದರ ಸಾಮಾನ್ಯವಾಗಿ 40-50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳು. ಹಾಗಾಗಿ ವರ್ಷ ವರ್ಷ ಪಾಲಿಶ್ ಮಾಡಿಸೋದು ಜಾಣತನ ಅಲ್ಲ. ನಾನು ನಾಲ್ಕು ವರ್ಷದಲ್ಲಿ ಒಂದೇ ಸಲ ಮಾಡಿಸಿದ್ದೇನೆ.

ಪಾಲಿಶ್ ಆದ ಮೇಲೆ ತಂದಿದ್ದು ಕಾರ್ನೌಬಾ ಪೇಸ್ಟ್. ಬ್ರೆಜಿಲ್ ದೇಶದ ಒಂದು ಜಾತಿ ತಾಳೆ ಮರದ ಎಲೆಯಿಂದ ತೆಗೆಯೋ ಮೇಣ ಇದು. ಹೊಳಪಿನ ಮಾತಿಗೆ ಬಂದರೆ ಇವತ್ತಿಗೂ ಇದಕ್ಕೇ ನನ್ನ ಓಟು. ಎಣ್ಣೆ ಹಚ್ಚಿದ ಜಡೆ ಹೊಳೆಯುತ್ತದಲ್ಲ, ಹಾಗೆ. ಡಿಸೆಂಬರ್‌ನಲ್ಲಿ ಹಚ್ಚಿದ್ದು ಎರಡು ತಿಂಗಳು ಚೆನ್ನಾಗಿತ್ತು. ಏಪ್ರಿಲ್‌ನಲ್ಲಿ ಹಚ್ಚಿದ್ದು ಐದು ವಾರಕ್ಕೇ ಹೋಯಿತು. ಈ ಮೇಣ ಕರಗೋದು 80 ಡಿಗ್ರಿ ದಾಟಿದ ಮೇಲೆ. ಆದರೆ ನಮ್ಮೂರ ಮಧ್ಯಾಹ್ನದ ಬಿಸಿಲಿಗೆ ಕಪ್ಪು ಬಾನೆಟ್ ಮೇಲೆ ಅಂಗೈ ಇಡಲಿಕ್ಕೆ ಆಗಲ್ಲ. ಕರಗದಿದ್ದರೂ ಮೆತ್ತಗಾಗುತ್ತದೇನೋ, ಧೂಳು ಜಾಸ್ತಿ ಅಂಟಿಕೊಳ್ಳುತ್ತಿತ್ತು. ಬಳ್ಳಾರಿಯಲ್ಲಿ ಇರೋದೇ ಎರಡು ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ತಮಾಷೆ ಮಾಡ್ತಾರೆ. ಎರಡಕ್ಕೂ ಈ ಪೇಸ್ಟ್ ಆಗಿಬರಲಿಲ್ಲ.

ಇನ್ನೊಂದು ಕಿರಿಕಿರಿ. ಕನ್ನಡಿ ಬುಡ, ಬಂಪರ್ ಕೆಳಗಿನ ಕಪ್ಪು ಪ್ಲಾಸ್ಟಿಕ್‌ಗೆ ಪೇಸ್ಟ್ ತಾಗಿದರೆ ಸುಣ್ಣ ಬಳಿದ ಹಾಗೆ ಬಿಳಿ ಕಲೆ ಕೂತುಬಿಡುತ್ತದೆ. ಶಾಂಪೂಗೆ ಹೋಗಲಿಲ್ಲ. ಕೊನೆಗೆ ಮಗಳ ಪೆನ್ಸಿಲ್ ರಬ್ಬರ್ ತಗೊಂಡು ಉಜ್ಜಿದೆ, ಹೋಯಿತು. ರಬ್ಬರ್ ಪೂರ್ತಿ ಕರ್ರಗಾಗಿ, ಅವಳು ಅತ್ತು, ಹೊಸದು ಕೊಡಿಸಬೇಕಾಯಿತು.

ಈಗ ಎರಡೂವರೆ ವರ್ಷದಿಂದ ಹಚ್ಚುತ್ತಿರುವುದು ಸಿಂಥೆಟಿಕ್ ಲಿಕ್ವಿಡ್ ವ್ಯಾಕ್ಸ್. ಪಾಲಿಮರ್ ಅಂತ ಬಾಟಲಿ ಹಿಂದೆ ಇರುತ್ತದೆ, ಕೆಲವರು ಸೀಲಂಟ್ ಅಂತಲೂ ಕರೀತಾರೆ. ಹೊಳಪು ಕಾರ್ನೌಬಾಕ್ಕಿಂತ ಒಂದು ಕೈ ಕಮ್ಮಿ. ಅದು ಗಾಜಿನ ಹೊಳಪು, ಎಣ್ಣೆಯ ಹೊಳಪಲ್ಲ. ಆದರೆ ನನ್ನ ಕಾರಿನ ಮೇಲೆ ಮೂರೂವರೆ ನಾಲ್ಕು ತಿಂಗಳು ನಿಲ್ಲುತ್ತದೆ. ಮುಖ್ಯ ಮಾತು ಅಂದರೆ ಧೂಳು ಕೂತರೂ ಹಿಡಿದುಕೊಳ್ಳುವುದಿಲ್ಲ. ಪೈಪಿನಲ್ಲಿ ನೀರು ಬಿಟ್ಟರೆ ಸಾಕು, ಮುಕ್ಕಾಲು ಪಾಲು ಕೆಂಪು ಮಣ್ಣು ತಾನೇ ಇಳಿದು ಹೋಗುತ್ತದೆ. ಉಜ್ಜೋದು ಕಮ್ಮಿಯಾದರೆ ಗೆರೆಯೂ ಕಮ್ಮಿ. ನನ್ನ ಮಟ್ಟಿಗೆ ವ್ಯಾಕ್ಸ್ ಇರೋದೇ ಇದಕ್ಕೆ, ಹೊಳಪು ಮೇಲಿನ ಕೊಸರು.

ಹಚ್ಚೋದು ಭಾನುವಾರ ಬೆಳಿಗ್ಗೆ ಐದೂವರೆಗೆ. ಎಂಟರೊಳಗೆ ಮುಗಿಯಬೇಕು, ಆಮೇಲೆ ತಗಡು ಕಾಯುತ್ತದೆ. ಕಾದ ತಗಡಿನ ಮೇಲೆ ಹಚ್ಚಿದರೆ ಒರೆಸುವಾಗ ಮೋಡದಂಥ ಕಲೆ ಉಳಿಯುತ್ತದೆ, ಕಪ್ಪು ಬಣ್ಣದಲ್ಲಂತೂ ಎದ್ದು ಕಾಣುತ್ತದೆ. ಒಂದು ಬಾಗಿಲಿಗೆ ಮೂರು ಹನಿ, ಒಂದೊಂದೂ ರೂಪಾಯಿ ನಾಣ್ಯದಷ್ಟು. ಜಾಸ್ತಿ ಹಾಕಿದರೆ ಜಾಸ್ತಿ ದಿನ ಬರುತ್ತದೆ ಅನ್ನೋದು ಸುಳ್ಳು, ಒರೆಸೋ ಕೈ ನೋಯುತ್ತದೆ ಅಷ್ಟೇ. ಸ್ಪಂಜಿನಲ್ಲಿ ತೆಳ್ಳಗೆ ಎಳೆಯಿರಿ, ಗಾಜಿಗೆ ಉಸಿರು ಬಿಟ್ಟಾಗ ಮಂಜು ಕೂರುತ್ತದಲ್ಲ, ಅಷ್ಟೇ ಕಾಣಬೇಕು. ಹತ್ತು ನಿಮಿಷ ಬಿಟ್ಟು ಬೆರಳಲ್ಲಿ ಒಂದು ಗೆರೆ ಎಳೆದು ನೋಡಿ. ಗೆರೆ ಸ್ವಚ್ಛವಾಗಿ ಹೊಳೆದರೆ ಒಣಗಿದೆ. ಅಂಟಂಟಾಗಿ ಎಳೆದುಕೊಂಡು ಬಂದರೆ ಇನ್ನೂ ಕಾಯಿರಿ. ಒರೆಸಲು ಮೈಕ್ರೋಫೈಬರ್ ಬಟ್ಟೆ ಎರಡು ಇರಲಿ. ನೆಲಕ್ಕೆ ಬಿದ್ದ ಬಟ್ಟೆಯನ್ನು ಕೊಡವಿ ಮತ್ತೆ ಬಳಸಬೇಡಿ, ಅದು ನೇರ ಒಗೆಯೋ ಬಕೆಟ್ಟಿಗೆ. ಎಲ್ಲ ಮುಗಿಸಿ ಕೈ ತೊಳೆದು ಒಗ್ಗರಣೆ ಮಿರ್ಚಿ ತಿನ್ನಲು ಹೋದರೆ ಭಾನುವಾರ ಸಾರ್ಥಕ.

ಹಚ್ಚುವ ಮುಂಚೆ ತೊಳೆಯೋದು ಅದಕ್ಕಿಂತ ದೊಡ್ಡ ಕೆಲಸ. ಎರಡು ಬಕೆಟ್: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಕಾರು ಉಜ್ಜೋ ಕೈಗವಸನ್ನು ಪ್ರತಿ ಸಲ ನೀರಿನಲ್ಲಿ ಅದ್ದಿ ಹಿಂಡಿ, ಆಮೇಲೆ ಶಾಂಪೂಗೆ. ಕೊನೆಗೆ ಎರಡನೇ ಬಕೆಟ್ಟಿನ ತಳದಲ್ಲಿ ಕೆಂಪು ಮಣ್ಣು ಕೂತಿರುತ್ತದೆ. ಅದನ್ನು ನೋಡಿದರೆ ಹಿಂದೆ ಒಂದೇ ಬಕೆಟ್ಟಿನಲ್ಲಿ ತೊಳೆದು ಅದನ್ನೇ ವಾಪಸ್ ಬಳಿಯುತ್ತಿದ್ದೆನಲ್ಲಾ ಅಂತ ಹೊಟ್ಟೆ ಉರಿಯುತ್ತದೆ. ಪಾತ್ರೆ ತೊಳೆಯೋ ಸೋಪು ಬೇಡ, ಅದು ವ್ಯಾಕ್ಸನ್ನೂ ಕಿತ್ತು ಹಾಕುತ್ತದೆ.

ನೀರಿನದೇ ಇನ್ನೊಂದು ಕಥೆ. ನಮ್ಮ ಬೋರಿನ ನೀರು ಗಡಸು. ಕಪ್ಪು ಕಾರಿನ ಮೇಲೆ ಹನಿ ಆರಿದರೆ ಉಂಗುರದಂಥ ಬಿಳಿ ಕಲೆ ಬೀಳುತ್ತದೆ. ವ್ಯಾಕ್ಸ್ ಹಚ್ಚಿದ ಮೇಲೆ ನೀರು ಮುತ್ತಿನ ಹಾಗೆ ನಿಲ್ಲುತ್ತದೆ, ನೋಡಲು ಚೆಂದ, ಆದರೆ ಬಿಸಿಲಿಗೆ ಆರಲು ಬಿಟ್ಟರೆ ಪ್ರತಿ ಮುತ್ತಿಗೂ ಒಂದು ಉಂಗುರ. ಹಾಗಾಗಿ ನಲ್ಲಿ ನೀರು ಬಂದ ದಿನ ನಾಲ್ಕು ಕೊಡ ಹಿಡಿದಿಟ್ಟು ಕೊನೇ ಸಲ ಅದನ್ನೇ ಸುರಿಯುತ್ತೇನೆ, ಕೂಡಲೇ ಟವೆಲ್‌ನಲ್ಲಿ ಒತ್ತಿ ಒಣಗಿಸುತ್ತೇನೆ. ಮನೆಯವರಿಗೆ ಇದು ಸುತಾರಾಂ ಇಷ್ಟ ಇಲ್ಲ. "ಕುಡಿಯಾಕ ಇಲ್ಲದಿದ್ರೂ ಕಾರಿಗೆ ಬೇಕು" ಅಂತಾರೆ. ಕುಡಿಯೋ ನೀರಿನ ಆರ್‌ಒ ಫಿಲ್ಟರ್ ಬೇಡ ಅಂತ ಹೊರಗೆ ಚೆಲ್ಲೋ ನೀರು ಬಳಸಿ ಅಂತ ಒಬ್ಬರು ಹೇಳಿದ್ದರು. ಬೇಡ, ಅದರಲ್ಲಿ ಉಪ್ಪಿನ ಅಂಶ ಇನ್ನೂ ಜಾಸ್ತಿ.

ವರ್ಷಕ್ಕೊಮ್ಮೆ ಐರನ್ ರಿಮೂವರ್ ಹೊಡೆಯುತ್ತೇನೆ. ಬಣ್ಣಕ್ಕೆ ಚುಚ್ಚಿಕೊಂಡ ಕಬ್ಬಿಣದ ಕಣಕ್ಕೆ ತಾಗಿದರೆ ಆ ದ್ರವ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಮೊದಲ ಸಲ ಹೊಡೆದಾಗ ಹಿಂದಿನ ಬಾಗಿಲು, ಚಕ್ರದಿಂದೆಲ್ಲ ನೇರಳೆ ಹಣ್ಣಿನ ರಸ ಸೋರಿದ ಹಾಗೆ ಇಳಿಯಿತು. ಚಕ್ರದ್ದು ಬ್ರೇಕಿನ ಪುಡಿ. ವಾಸನೆ ಮಾತ್ರ ಕೊಳೆತ ಮೊಟ್ಟೆ, ಮಕ್ಕಳನ್ನು ದೂರ ಇಡಿ, ಕೈಗೆ ಗ್ಲೌಸ್ ಹಾಕಿ.

ಲಿಕ್ವಿಡ್‌ಗೆ ನಾನು ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಡಿತ ಮಾಡಿದ್ದು ಹಕ್ಕಿ ಹಿಕ್ಕೆಗೆ. ಬೇವಿನ ಮರದ ನೆರಳು ಅಂತ ಕಾರು ನಿಲ್ಲಿಸಿ, ಮದುವೆಗೆ ಹೋಗಿ ಎರಡು ದಿನ ಬಿಟ್ಟು ಬಂದೆ. ಬಿಸಿಲಿಗೆ ಬೆಂದ ಹಿಕ್ಕೆ ವ್ಯಾಕ್ಸ್ ದಾಟಿ ಕ್ಲಿಯರ್ ಕೋಟನ್ನೇ ತಿಂದಿತ್ತು. ರೂಫಿನ ಮೇಲೆ ಕಡಲೆ ಬೀಜದಷ್ಟು ಕಲೆ ಇನ್ನೂ ಇದೆ. ಅಪ್ಪ ಆ ಕಲೆಯನ್ನು ಈವರೆಗೆ ನೋಡಿಲ್ಲ, ಅವರ ಕಣ್ಣಿಗೆ ರೂಫ್ ಎತ್ತರ.