ಹಳೇ ಇಳಕಲ್ ಸೀರೆ: ಕೌದಿಯೋ, ಕುರ್ತಾವೋ, ಚೀಲವೋ?

ಬಾಗಲಕೋಟೆ ಕಡೆ ಯಾವ ಮನೆಯ ಟ್ರಂಕು ತೆಗೆದರೂ ಉಟ್ಟು ಬಿಟ್ಟ ಇಳಕಲ್ ಸೀರೆ ಎರಡಾದರೂ ಸಿಗುತ್ತವೆ. ಅಂಥವನ್ನು ಕೌದಿ (ಹಳೇ ಬಟ್ಟೆಯ ಪದರ ಸೇರಿಸಿ ಹೊಲಿದ ಹೊದಿಕೆ), ಕುರ್ತಾ, ಚೀಲ ಹೀಗೆ ಮೂರು ರೀತಿ ಹೊಲಿದು, ಬಳಸಿ, ಒಗೆದು ನೋಡಿದ್ದೇವೆ. ಯಾವುದಕ್ಕೆ ಯಾವ ಸೀರೆ ಅನ್ನೋದನ್ನು ಹೊಲಿಯುವವರ ಆಸೆ ತೀರ್ಮಾನಿಸೋದಿಲ್ಲ, ಸೀರೆಯ ಒಡಲೇ, ಅಂದರೆ ಸೆರಗು, ದಡಿ ಬಿಟ್ಟ ನಡುಭಾಗವೇ, ತೀರ್ಮಾನಿಸುತ್ತದೆ.

ಕತ್ತರಿ ಹಿಡಿಯುವ ಮೊದಲು ಸೀರೆಯನ್ನು ಬಿಸಿಲಿಗೆ ಅಡ್ಡ ಹಿಡಿಯಿರಿ. ಸೊಂಟಕ್ಕೆ ಸಿಕ್ಕಿಸುವ ಜಾಗ, ಪಾದದ ಹತ್ತಿರದ ದಡಿ (ಅಂಚು), ಹೆಗಲಿಗೆ ಪಿನ್ ಚುಚ್ಚುವ ಕಡೆ ಜರಡಿಯ ಹಾಗೆ ಕಾಣಿಸಿದರೆ ಆ ಭಾಗಕ್ಕೆ ಕುರ್ತಾದ ಆಸೆ ಬಿಡಿ. ಎರಡು ಹೆಬ್ಬೆರಳ ನಡುವೆ ಎರಡಿಂಚು ಬಟ್ಟೆ ಹಿಡಿದು ಜಗ್ಗಿ ನೋಡಿ. ಚರ್ ಅಂದರೆ ಅದು ಕೌದಿಯ ಒಳಪದರಕ್ಕೆ ಮಾತ್ರ. ಆಮೇಲೆ ಒದ್ದೆ ಬಿಳಿ ಬಟ್ಟೆಯನ್ನು ಕೆಂಪು ಸೆರಗಿನ ಮೇಲಿಟ್ಟು ಇಸ್ತ್ರಿ ಒತ್ತಿ. ಬಣ್ಣ ಹತ್ತಿದರೆ ತಣ್ಣೀರಲ್ಲಿ ಬೇರೆಯಾಗಿ, ನೀರು ತಿಳಿಯಾಗುವತನಕ ಒಗೆಯಬೇಕು. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನೋ ಮಾತನ್ನು ನಂಬಬೇಡಿ.

ಕುರ್ತಾ ನೋಡಲು ಚೆಂದ, ಕೆಡುವುದೂ ಅದೇ ಹೆಚ್ಚು. ದಡಿ ಕೆಳಗೆ ಬರಬೇಕೆಂದರೆ ಸೀರೆಯ ಅಗಲವೇ ಕುರ್ತಾದ ಉದ್ದವಾಗಬೇಕು. ಅಗಲ 48 ಇಂಚಿದ್ದರೆ 44 ಇಂಚಿನ ಕುರ್ತಾ ಆರಾಮಾಗಿ ಬರುತ್ತದೆ, ಬಟ್ಟೆ ಎರಡೂವರೆ ಮೀಟರ್ ಬೇಕು. ಹತ್ತಿಯ ಒಡಲಿದ್ದರೆ ತೊಂದರೆ ಕಡಿಮೆ. ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಬೆರೆತಿದ್ದರೆ ಎಳೆ ನುಣುಪು, ಬಗಲಲ್ಲಿ ಹೊಲಿಗೆ ಗಟ್ಟಿಯಿದ್ದರೂ ಅದರ ಪಕ್ಕದ ಎಳೆಗಳು ಸರಿದು ಬಟ್ಟೆ ಬಾಯಿ ಬಿಡುತ್ತದೆ. ಅದಕ್ಕೆ ಎದೆ ಸುತ್ತಳತೆಗೆ 4 ಇಂಚು ಸಡಿಲ ಬಿಡಿ, ಹೊಲಿಗೆಯ ಒಳಗೆ ಮುಕ್ಕಾಲು ಇಂಚು ಬಟ್ಟೆ ಉಳಿಸಿ, ಮಲ್ (ತೆಳು ಹತ್ತಿ) ಬಟ್ಟೆಯ ಅಸ್ತರ, ಅಂದರೆ ಒಳಬಟ್ಟೆ ಕೊಡಿ, 11ನೇ ನಂಬರಿನ ಸೂಜಿ ಹಾಕಿ. ಅಸ್ತರವನ್ನು ಮೊದಲು ನೆನೆಸಿ ಒಣಗಿಸಲೇಬೇಕು. ಸೀರೆ ಕುಗ್ಗುವಷ್ಟು ಎಂದೋ ಕುಗ್ಗಿರುತ್ತದೆ, ಹೊಸ ಅಸ್ತರ ಈಗ ಕುಗ್ಗಿ ಇಡೀ ಕುರ್ತಾವನ್ನು ಸುಕ್ಕು ಮಾಡುತ್ತದೆ. ಕಸೂತಿಯ ಮೇಲೆ ಕತ್ತರಿ ಆಡಿಸಬೇಡಿ. ಗಂಟಿಲ್ಲದ ಕೆಲಸ ಅದು, ಒಂದು ಕಡೆ ಕತ್ತರಿಸಿದರೆ ಕಸೂತಿಯ ಗೋಪುರದ ಚಿತ್ತಾರವೇ ಬಿಚ್ಚಿಕೊಳ್ಳುತ್ತದೆ.

ಚೀಲಕ್ಕೆ ಸೆರಗು ಸಾಕು. ಆದರೆ ಇಳಕಲ್ ಸೆರಗಿನ ಹಾಸು (ಉದ್ದುದ್ದ ಎಳೆ) ಒಡಲಿನದಲ್ಲ. ಬೇರೆ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಜೋಡಣೆಯ ಎರಡೂ ಬದಿ ಅರ್ಧ ಇಂಚು ದೂರದಲ್ಲಿ ಮಷಿನ್ ಹೊಲಿಗೆ ಹಾಕಿಕೊಂಡೇ ಕತ್ತರಿಸಿ. ಒಳಗೆ ಹಳೇ ಜೀನ್ಸ್, ಹಿಡಿಕೆಗೆ ನಾಲ್ಕು ಮಡಿಕೆಯ ದಡಿ, ಹಿಡಿಕೆ ಕೂಡುವಲ್ಲಿ ಚೌಕ ಹೊಲಿದು ನಡುವೆ ಗುಣಿಸು ಗುರುತು. ಪುಸ್ತಕಕ್ಕೆ ಅಡ್ಡಿಯಿಲ್ಲ, ಸಂತೆಗೆ ಬೇಡ: ಬದನೆಕಾಯಿ ತೊಟ್ಟಿನ ಮುಳ್ಳು ಸೆರಗಿನ ಎಳೆ ಕಿತ್ತುಬಿಡುತ್ತದೆ.

ಇನ್ನು ಕೌದಿ. ಹರಿದದ್ದು, ಮಾಸಿದ್ದು, ಕುರ್ತಾ ಹೊಲಿದು ಮಿಕ್ಕ ತುಂಡು, ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆಯ) ಚೂರು, ಎಲ್ಲವನ್ನೂ ತಿನ್ನುತ್ತದೆ. 5 ಅಡಿಗೆ 7 ಅಡಿಯ ಕೌದಿಗೆ ನಾಲ್ಕು ಪದರವೆಂದರೆ 140 ಚದರಡಿ, ಅಂದರೆ ಆರುವಾರದ (ಆರು ಗಜದ) ಎರಡು ಸೀರೆ. ಗಟ್ಟಿ ಬಟ್ಟೆ ಮೇಲೆ ಕೆಳಗೆ, ಜಾಳು ಬಟ್ಟೆ ಒಳಗೆ. ಪದರಗಳನ್ನು ನೆಲದ ಮೇಲೆ ಹಾಸಿ, ಗೇಣಿಗೊಂದರಂತೆ ಕಚ್ಚಾ ಟಾಕಿ (ಆಮೇಲೆ ಬಿಚ್ಚುವ ತಾತ್ಕಾಲಿಕ ಹೊಲಿಗೆ) ಹಾಕದೆ ಶುರು ಮಾಡಿದರೆ ಒಳಪದರ ಜಾರಿ ನಡುವೆ ಗಂಟಾಗುತ್ತದೆ, ಬಿಚ್ಚದೆ ಸರಿಯಾಗದು. ದಪ್ಪ ಹತ್ತಿ ದಾರವೇ ಇರಲಿ, ಬಿಗಿ ನೈಲಾನ್ ದಾರ ಹಳೇ ಬಟ್ಟೆಯನ್ನು ಕೊಯ್ಯುತ್ತದೆ. ಇಂಚಿಗೊಂದು ಸಾಲಿನಂತೆ ಲೆಕ್ಕ ಹಾಕಿದರೆ 60 ಸಾಲು, 420 ಅಡಿ ಹೊಲಿಗೆ. ತಾಸಿಗೆ ಹತ್ತಡಿ ಸಾಗಿದರೂ 42 ತಾಸು. ಕೂಲಿ ಕೊಟ್ಟು ಹೊಲಿಸುವವರು ಚೌಕಾಸಿ ಮಾಡುವ ಮುಂಚೆ ಈ ಲೆಕ್ಕ ನೋಡಲಿ. ಒಗೆಯೋದೂ ಕಷ್ಟ, ನೀರು ಹೀರಿದ ಕೌದಿ ಹಿಂಡಲು ಇಬ್ಬರು ಬೇಕು, ಮಳೆಗಾಲದಲ್ಲಿ ಒಣಗದೆ ಮುಗ್ಗಲು ವಾಸನೆ.

ನಮ್ಮ ಆಯ್ಕೆ: ಒಡಲು ಗಟ್ಟಿಯಿರುವ ಹತ್ತಿ ಸೀರೆ ಕುರ್ತಾಕ್ಕೆ, ಉಳಿದದ್ದೆಲ್ಲ ಕೌದಿಗೆ. ಚೀಲವನ್ನು ಸೆರಗೊಂದೇ ಚೆನ್ನಾಗಿ ಉಳಿದಿದ್ದರೆ ಮಾತ್ರ ಹೊಲಿಯುತ್ತೇವೆ. ಬೆಳ್ಳಿ ಜರಿಯ ಹಳೇ ಪಟ್ಟೆ (ರೇಷ್ಮೆ) ಸೀರೆ ಸಿಕ್ಕರೆ ಯಾವುದಕ್ಕೂ ಕತ್ತರಿಸೋದಿಲ್ಲ.